ಲಾಂಚ್ ಹೋಗ್ಬಿಡತ್ತೆ ಅನ್ನೋ ಅಜ್ಜಿಗೆ ಎಂತ ಹೇಳದು? ನಮ್ಮ ಸ್ಟಾಫ್ ಟ್ರೇನಿಂಗ್ ಕತೆ

ಶಿವಮೊಗ್ಗ ದಾಟಿ ತೀರ್ಥಹಳ್ಳಿ ರೋಡಲ್ಲಿ ಸ್ವಲ್ಪ ದೂರ ಬಂದ್ರೆ ಸಿಗೋ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸಿಂಗ್ ಇನ್‌ಚಾರ್ಜ್. ಮೂವತ್ತರ ಆಸುಪಾಸು ಜನ ಇದಾರೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಡಿಮೆನ್ಶಿಯಾ, ಅಂದ್ರೆ ಮಿದುಳಿನ ಕಾಯಿಲೆಯಿಂದ ನೆನಪು, ಬುದ್ಧಿ ಕುಂದೋದು. ಸೇರಿಸೋವಾಗ ಮನೆಯವ್ರು ಯಾರೂ ಆ ಹೆಸರು ಎತ್ತಲ್ಲ, 'ಸ್ವಲ್ಪ ಮರೆವು ಮೇಡಂ, ವಯಸ್ಸಾಯ್ತಲ್ಲ, ಅರಳು ಮರಳು' ಅಂತಾರೆ, ಒಂದು ರಾತ್ರಿ ಕಳೆಯೋದ್ರೊಳಗೆ ನಮಗೆ ಗೊತ್ತಾಗತ್ತೆ. ನೋಡ್ಕೊಳ್ಳೋರು ಹೆಚ್ಚಿನವರು ಶಿಕಾರಿಪುರ, ಸೊರಬ, ಹೊಸನಗರ ಕಡೆ ಹುಡುಗೀರು, ಪಿಯುಸಿವರೆಗೆ ಓದಿದವರು, ಒಂದಿಬ್ರು ಏಎನ್ಎಂ (ಸಹಾಯಕ ನರ್ಸ್ ಕೋರ್ಸು) ಮಾಡಿದವರು, ಉಳಿದವರು ಮಕ್ಕಳನ್ನ ಓದಿಸೋಕೆ ಅಂತ ಕೆಲಸಕ್ಕೆ ಬಂದ ನಲವತ್ತು ದಾಟಿದ ಅಕ್ಕಂದಿರು. ಇವರಿಗೆ ಡಯಾಪರ್ ಬದಲಾಯಿಸೋದು, ಬೆಡ್‌ಸೋರ್ ಆಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸೋದು, ಬಿಪಿ ನೋಡೋದು ಎಲ್ಲ ಹೇಳ್ಕೊಟ್ಟಿದ್ವಿ. ಮಾತಾಡೋದನ್ನ ಮಾತ್ರ ಯಾರೂ ಯಾರಿಗೂ ಹೇಳ್ಕೊಟ್ಟಿರಲಿಲ್ಲ, ಮಾತಾಡಕ್ಕೂ ಎಂತ ಟ್ರೇನಿಂಗು ಮಾರಾಯ್ರೆ ಅಂತ.

ಶುರುವಾಗಿದ್ದು ಟ್ರಸ್ಟಿ ಒಬ್ರು ಬೆಂಗಳೂರಿಂದ ಒಬ್ಬರು ತಜ್ಞರನ್ನ ಕರೆಸಿದಾಗ. ಹಾಲಲ್ಲಿ ಪ್ರೊಜೆಕ್ಟರ್ ಇಟ್ಟು ಪಿಪಿಟಿ, ಪೂರ್ತಿ ಇಂಗ್ಲಿಷು. 1906ರಲ್ಲಿ ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಜೈಮರ್, ಡಿಮೆನ್ಶಿಯಾಕ್ಕೆ ಮುಖ್ಯ ಕಾರಣ ಆದ ಅಲ್ಜೈಮರ್ ಕಾಯಿಲೆನ ಮೊದಲ ಸಲ ವಿವರಿಸಿದ್ದು, ಹಿಪ್ಪೊಕ್ಯಾಂಪಸ್ಸು, ಪ್ಲಾಕು, ಟ್ಯಾಂಗಲು, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ ಅಂದಾಜು, ಹಿಂಗೆ. ನೈಟ್ ಡ್ಯೂಟಿ ಮುಗಿಸಿ ಬಂದು ಕೂತ ಹುಡುಗೀರು ತೂಕಡಿಸ್ತಿದ್ರು. ಅವ್ರು ಹೇಳಿದ್ದು ತಪ್ಪು ಅಂತಲ್ಲ, ಅದ್ರಲ್ಲಿ ಒಂದು ಮಾತು ನಾನು ಆಮೇಲೆ ಪೂರ್ತಿ ಟ್ರೇನಿಂಗಿಗೇ ತಳಪಾಯ ಮಾಡ್ಕೊಂಡೆ: ಅಲ್ಜೈಮರ್‌ನಲ್ಲಿ ಹೊಸ ನೆನಪು ಮೊದಲು ಹೋಗತ್ತೆ, ಹಳೇದು ತಡವಾಗಿ ಹೋಗತ್ತೆ, ಕೈಗೆ ರೂಢಿಯಾದ ಕೆಲಸ ಇನ್ನೂ ತಡವಾಗಿ, ನಡೆದ ವಿಷಯ ಮರೆತ್ರೂ ಅದ್ರಿಂದ ಆದ ಸಿಟ್ಟು, ಹೆದರಿಕೆ, ಸಮಾಧಾನ ಒಳಗೆ ಉಳ್ಕೊಂಡಿರತ್ತೆ. ಕೊನೇಲಿ ಪ್ರಶ್ನೆ ಇದ್ರೆ ಕೇಳಿ ಅಂದಾಗ ಸೊರಬದ ಹುಡುಗಿ ಎದ್ದು 'ಸರ್, ಅಜ್ಜಿ ಹೊಡೆದ್ರೆ ಎಂತ ಮಾಡದು' ಅಂದ್ಳು. ಅದನ್ನ ನೆಕ್ಸ್ಟ್ ಸೆಶನ್ನಲ್ಲಿ ನೋಡಣ ಅಂದ್ರು. ನೆಕ್ಸ್ಟ್ ಸೆಶನ್ ಆಗ್ಲೇ ಇಲ್ಲ. ಮುಂದಿಂದು ನೀವೇ ಮಾಡಿ ಅಂತ ಆಫೀಸಿಂದ ನನಗೆ ಬಂತು.

ನಾನು ಕ್ಲಾಸು ಶುರು ಮಾಡೋ ಮೊದ್ಲು ಕೆಲವು ದಿನ ಒಂದು ಪುಸ್ತಕ ಹಿಡ್ಕೊಂಡು ಕಾರಿಡಾರಲ್ಲಿ ಓಡಾಡಿದೆ, ಯಾರು ಯಾರಿಗೆ ಎಂತ ಹೇಳ್ತಾರೆ ಅಂತ ಹಂಗಂಗೇ ಬರ್ಕೊಂಡೆ. ಬೈಗುಳ ಏನೂ ಇರಲಿಲ್ಲ. ಇದ್ದಿದ್ದು ಬರೀ ಆರ್ಡರ್ರು, 'ಏಳಿ', 'ಕೂತ್ಕಳಿ', 'ಬಾಯಿ ತೆಗೀರಿ', 'ಕೈ ಬಿಡಿ', 'ಸುಮ್ನಿರಿ'. ಆಮೇಲೆ ಪರೀಕ್ಷೆ, 'ಇವತ್ತು ಯಾವ ವಾರ ಹೇಳಿ', 'ಬೆಳಗ್ಗೆ ತಿಂಡಿ ಎಂತ ತಿಂದ್ರಿ', 'ನನ್ ಹೆಸ್ರೇನು'. ಮೂರನೇದು, ಇಬ್ರು ಸ್ಟಾಫ್ ಮಂಚದ ಎರಡು ಕಡೆ ನಿಂತು ಮಧ್ಯ ಮಲಗಿರೋ ಮನುಷ್ಯನ ತಲೆ ಮೇಲಿಂದ ಮಾತಾಡೋದು, 'ಇವ್ರದ್ದು ಮೋಶನ್ ಆಯ್ತಾ', 'ಇಲ್ಲ ಕಣೇ, ಮೂರು ದಿನ ಆಯ್ತು'. ಇಂಗ್ಲೆಂಡಿನಲ್ಲಿ ಟಾಮ್ ಕಿಟ್‌ವುಡ್ ಅಂತ ಒಬ್ಬ ಮನಃಶಾಸ್ತ್ರಜ್ಞ ಇದ್ರು, 1990ರ ದಶಕದಲ್ಲಿ ಅವರು ಇಂಥದ್ದನ್ನೇ ಕೂತು ನೋಡಿ ಪಟ್ಟಿ ಮಾಡಿದ್ರು, ಅವಸರ ಮಾಡೋದು, ಮಗು ಥರ ನೋಡೋದು, ಇಲ್ಲದವರ ಹಾಗೆ ನಡ್ಕೊಳ್ಳೋದು, ಮತ್ತೆ ಇದನ್ನ ಮಾಡೋರು ಕೆಟ್ಟವರಲ್ಲ, ಆ ಜಾಗದ ರೂಢಿ ಹಂಗಾಗಿರತ್ತೆ ಅಷ್ಟೇ ಅಂತ. ನನ್ನ ಪುಸ್ತಕದಲ್ಲಿ ಬರ್ದಿದ್ದನ್ನ ಹೆಸರು ಹೇಳದೆ ಓದಿ ಹೇಳಿದಾಗ ಎಲ್ಲರೂ ನಕ್ರು, ಯಾಕಂದ್ರೆ ಎಲ್ಲರಿಗೂ ಅದು ಪಕ್ಕದವಳ ಮಾತು ಅನ್ನಿಸ್ತು.

ಕ್ಲಾಸಲ್ಲಿ ಪಿಪಿಟಿ ಬಿಟ್ಟೆ. ಮೊದಲನೇ ದಿನ ಎಲ್ಲರ ಕಿವಿಗೆ ಹತ್ತಿ, ಹಳೇ ಕನ್ನಡಕದ ಗಾಜಿಗೆ ವ್ಯಾಸಲೀನು, ಕೈಗೆ ಎರಡೆರಡು ಗ್ಲೌಸು, ಹಾಕ್ಕೊಂಡು ಶರ್ಟಿನ ಗುಂಡಿ ಹಾಕಿ ಅಂದೆ, ನಾನು ಮತ್ತೆ ಅಡುಗೆ ಅಕ್ಕ ಹಿಂದೆ ನಿಂತು 'ಬೇಗ ಬೇಗ, ಇನ್ನೂ ಎಷ್ಟು ಹೊತ್ತು' ಅಂತಿದ್ವಿ, ಜೊತೆಗೆ ಟಿವಿ ಜೋರಾಗಿ. ಐದು ನಿಮಿಷಕ್ಕೆ ಹೊಸನಗರದ ಹುಡುಗಿ ಗ್ಲೌಸು ಕಿತ್ತೆಸೆದು 'ಬಾಯಿ ಮುಚ್ರೀ ಒಂದ್ಸಲ' ಅಂತ ಕಿರುಚಿದ್ಳು. ಅಷ್ಟೇ ಬೇಕಾಗಿತ್ತು ನನಗೆ. ಆಮೇಲೆ ಒಬ್ಬರಿಗೊಬ್ಬರು ಊಟ ಮಾಡ್ಸೋದು, ಕಣ್ಣು ಮುಚ್ಚಿ ಕೂತವರಿಗೆ ಇನ್ನೊಬ್ರು ನಿಂತ್ಕೊಂಡು, ಏನು ಎತ್ತ ಹೇಳದೆ ಬಾಯಿಗೆ ಗಂಜಿ ಚಮಚ ಇಡೋದು. ನಿಂತು ತಿನ್ನಿಸೋದು ಆವತ್ತಿಂದ ಮುಕ್ಕಾಲು ಪಾಲು ನಿಂತೋಯ್ತು, ಪ್ಲಾಸ್ಟಿಕ್ ಸ್ಟೂಲ್ ಸಾಕಾಗ್ದೆ ಇನ್ನಷ್ಟು ತರಿಸಿದ್ವಿ.

ಆಮೇಲೆ ನಿಯಮ ಅಂತ ಹೇಳ್ಕೊಟ್ಟಿದ್ದು ಬಹಳ ಇಲ್ಲ. ಹಿಂದಿಂದ ಬರ್ಬೇಡಿ, ಎದುರಿಗೆ ಬಂದು ಅವರ ಕಣ್ಣಿನ ಮಟ್ಟಕ್ಕೆ ಕೂತು, ಅವರನ್ನ ಕರೆದು, ನೀವು ಯಾರು ಅಂತ ನೀವೇ ಹೇಳಿ. ಒಂದು ಸಲಕ್ಕೆ ಒಂದೇ ಮಾತು. 'ಏಳಿ ಹಲ್ಲುಜ್ಜಿ ಸ್ನಾನ ಮಾಡಿ ತಿಂಡಿಗೆ ಬನ್ನಿ' ಅಂದ್ರೆ ಅದು ನಾಲ್ಕು ಮಾತು. ಕೇಳಿದ ಮೇಲೆ ಕಾಯಿರಿ, ನಿಮಗೆ ಮುಜುಗರ ಆಗೋ ಅಷ್ಟು ಹೊತ್ತು ಕಾಯಿರಿ, ಅವರಿಗೆ ಮಾತು ಒಳಗೆ ಇಳಿಯೋಕೆ ಟೈಮ್ ಬೇಕು, ನೀವು ಮಧ್ಯ ಬೇರೆ ಪದದಲ್ಲಿ ಅದನ್ನೇ ಮತ್ತೆ ಕೇಳಿದ್ರೆ ಅವರು ಮೊದಲಿಂದ ಶುರು ಮಾಡ್ಬೇಕು. 'ಏನ್ ತಿಂತೀರಿ' ಅನ್ಬೇಡಿ, 'ಇಡ್ಲಿನಾ ಅವಲಕ್ಕಿನಾ' ಅಂತ ಎರಡೂ ತೋರಿಸಿ ಕೇಳಿ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಯ್ಯೋವಾಗ ನಮ್ಮ ಮಾತು ನಮಗೇ ಕೇಳಲ್ಲ, ಆವಾಗ ಹತ್ತಿರ ಹೋಗಿ ಕೈಸನ್ನೆಯಲ್ಲಿ ಹೇಳಿ, ಕಿರುಚಿದ್ರೆ ಅವರಿಗೆ ಕಾಣೋದು ನಿಮ್ಮ ಸಿಟ್ಟಿನ ಮುಖ ಮಾತ್ರ.

ಕರೆಯೋ ವಿಷಯಕ್ಕೇ ಒಂದು ಮಧ್ಯಾಹ್ನ ಹೋಯ್ತು. ನಮ್ಮಲ್ಲಿ ಎಲ್ಲರೂ ಅಜ್ಜ, ಅಜ್ಜಿ. ಪ್ರೀತಿಯಿಂದಾನೇ ಕರೀತಾರೆ, ಆದ್ರೆ ಆಗುಂಬೆ ಕಡೆ ಹೈಸ್ಕೂಲಲ್ಲಿ ಜೀವಮಾನ ಪೂರ್ತಿ ಮೇಷ್ಟ್ರಾಗಿದ್ದ ಒಬ್ರು ಇದಾರೆ, 'ಅಜ್ಜ, ಬಾ ಊಟಕ್ಕೆ' ಅಂದ್ರೆ ಅಲ್ಲಾಡ್ತಿರಲಿಲ್ಲ, ಕಿವಿ ಕೇಳಲ್ಲ ಅಂತಲೇ ಫೈಲಲ್ಲಿ ಬರೆದಿತ್ತು. 'ಮೇಷ್ಟ್ರೇ, ಊಟದ ಬೆಲ್ ಆಯ್ತು' ಅಂದ್ರೆ ಎದ್ದು ಪಂಚೆ ಸರಿ ಮಾಡ್ಕೊಂಡು ಹೊರಡ್ತಾರೆ. ಇನ್ನೊಬ್ರು ಮಹಿಳೆ ಮದುವೆ ಆಗದೆ ಪೋಸ್ಟಾಫೀಸಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಅವರಿಗೆ ಅಜ್ಜಿ ಅಂದ್ರೆ ಮೈ ಉರಿಯತ್ತೆ, ಅವರು ಎಲ್ಲರಿಗೂ ಅಕ್ಕ. ಗೌಡ್ರೇ, ನಾಯ್ಕರೇ, ಭಟ್ರೇ, ಅಮ್ಮ, ಚಿಕ್ಕಮ್ಮ, ಯಾರನ್ನ ಊರಲ್ಲಿ ಹೆಂಗೆ ಕರೀತಿದ್ರೋ ಅದನ್ನ ಮಂಚದ ತಲೆಕಡೆ ಚೀಟಿ ಮಾಡಿ ಅಂಟಿಸಿದ್ವಿ. ಏಕವಚನ ಬಹುವಚನದ ಬಗ್ಗೆ ನಾನು ಎಲ್ಲರಿಗೂ ಒಂದೇ ರೂಲ್ ಮಾಡ್ಲಿಲ್ಲ, ಕೆಲವು ಅಜ್ಜಿಯರಿಗೆ 'ನೀವು' ಅಂದ್ರೆ ಯಾರೋ ಆಫೀಸರ್ ಬಂದ ಹಾಗೆ ಗಾಬರಿ, 'ಏನೇ ಅಜ್ಜಿ' ಅಂದ್ರೇ ಖುಷಿ.

ಈಗ ಲಾಂಚ್ ಅಜ್ಜಿ. ಸಾಗರ ತಾಲ್ಲೂಕು ತುಮರಿ ಕಡೆಯವರು. ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಆಗಿ 1964ರಲ್ಲಿ ನೀರು ನಿಂತಾಗ ಇವರು ಹೊಸದಾಗಿ ಮದುವೆ ಆಗಿದ್ದ ಹುಡುಗಿ, ಗಂಡನ ಮನೆ, ಗದ್ದೆ ಎಲ್ಲ ಮುಳುಗಿ ಮೇಲಿನ ಗುಡ್ಡದಲ್ಲಿ ಮತ್ತೆ ಮನೆ ಕಟ್ಟಿದವರು. ಆಮೇಲೆ ಜೀವನ ಪೂರ್ತಿ ಸಾಗರ ಪೇಟೆಗೆ ಬರ್ಬೇಕಂದ್ರೆ ಹಿನ್ನೀರು ದಾಟಿಸೋ ದೊಡ್ಡ ಮೋಟಾರು ದೋಣಿ, ಅಂದ್ರೆ ಲಾಂಚು, ವಾಪಸ್ ಹೋಗೋ ಲಾಸ್ಟ್ ಲಾಂಚ್ ತಪ್ಪಿದ್ರೆ ರಾತ್ರಿ ಈಚೆ ದಡದಲ್ಲೇ. ಅಜ್ಜಿಗೆ ದಿನಾ ಸಂಜೆ ನಾಲ್ಕು ಗಂಟೆ ಆಯ್ತು ಅಂದ್ರೆ ಶುರು, ಸೀರೆ ಗಂಟು ಕಟ್ಕೊಂಡು ಗೇಟ್ ಹತ್ರ ನಿಂತು 'ಬಿಡ್ರೋ, ಲಾಂಚ್ ಹೋಗ್ಬಿಡತ್ತೆ'. ಡಿಮೆನ್ಶಿಯಾ ಇರೋರಿಗೆ ಸಂಜೆ ಹೊತ್ತು ಚಡಪಡಿಕೆ ಜಾಸ್ತಿ ಆಗೋದು ಎಲ್ಲಾ ಕಡೆ ಇದ್ದಿದ್ದೇ, ಮಲೆನಾಡಿನ ಮಳೆಗಾಲದಲ್ಲಿ ಮೂರೂವರೆಗೇ ಕತ್ತಲಾಗಿ ಕರೆಂಟೂ ಹೋದ್ರೆ ಕೇಳೋದೇ ಬೇಡ.

ನಮ್ಮ ಹುಡುಗೀರು ಎಲ್ಲ ಪ್ರಯತ್ನ ಮಾಡಿದ್ರು. 'ಇದೇ ನಿಮ್ಮನೆ ಅಜ್ಜಿ' ಅಂದ್ರು, 'ಇದು ನಿಮ್ಮಪ್ಪಂದೇ ಇರ್ಬೇಕು' ಅಂದ್ರು ಅಜ್ಜಿ. ಸಾಗರದ ಕಡೆ ಹುಡುಗಿಗೆ ಒಂದು ಐಡಿಯಾ ಬಂತು, 2025ರ ಜುಲೈಯಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಓಪನ್ ಆಯ್ತಲ್ಲ, 'ಅಜ್ಜಿ, ಈಗ ಲಾಂಚಿಗೆ ಕಾಯೋದು ಬೇಡ, ಸೇತುವೆ ಆಗಿದೆ, ರಾತ್ರಿ ಹನ್ನೆರಡಕ್ಕೂ ಬಸ್ಸಲ್ಲಿ ಹೋಗ್ಬಹುದು' ಅಂತ ಮೊಬೈಲಲ್ಲಿ ಫೋಟೋ ಸಮೇತ ತೋರಿಸಿದ್ಳು. ನೂರಕ್ಕೆ ನೂರು ನಿಜ. ಅಜ್ಜಿ ಫೋನು ತಳ್ಳಿ 'ಆ ಹೊಳೆಗೆ ಯಾರಾದ್ರೂ ಸೇತುವೆ ಕಟ್ಟಕ್ಕಾಗತ್ತಾ, ಯಾರಿಗೆ ಟೋಪಿ ಹಾಕ್ತೀಯೆ' ಅಂತ ಬೈದು ಅಳಕ್ಕೇ ಶುರು. ನಾನು ಕ್ಲಾಸಲ್ಲಿ ಎಷ್ಟು ಹೇಳಿದ್ರೂ ಅರ್ಥ ಆಗದಿದ್ದಿದ್ದು ಆವತ್ತು ಆ ಹುಡುಗಿಗೆ ಆಯ್ತು, ನಿಜ ಹೇಳಿದ್ರೂ ಕೆಲಸ ಮಾಡಲ್ಲ, ಯಾಕಂದ್ರೆ ಅಜ್ಜಿ ಕೇಳ್ತಿರೋದು ಸಾರಿಗೆ ವ್ಯವಸ್ಥೆ ಬಗ್ಗೆ ಅಲ್ಲ.

ಮಾರನೇ ದಿನ ಅವಳಿಗೆ ಹೇಳಿದೆ, ಉತ್ತರ ಕೊಡ್ಬೇಡ, ಜೊತೆಗೆ ನಡಿ, ಪ್ರಶ್ನೆ ಕೇಳು. ಗೇಟಿಂದ ಬಾವಿವರೆಗೆ ಅಜ್ಜಿ ಜೊತೆ ನಡೀತಾ 'ಮನೇಲಿ ಯಾರು ಕಾಯ್ತಿದಾರೆ ಅಜ್ಜಿ' ಅಂದ್ಳು. ಯಾರೂ ಇಲ್ಲ, ದನ ಕಾಯ್ತಿರ್ತಾವೆ, ಕರು ಬಿಡ್ಬೇಕು, ಕೊಟ್ಟಿಗೆಗೆ ಸೊಪ್ಪು ಹಾಕ್ಬೇಕು, ಕತ್ತಲಾದ್ರೆ ಯಾರು ಹಾಲು ಕರೀತಾರೆ. ಅಷ್ಟು ದಿನ ನಾವೆಲ್ಲ ಗಂಡ, ಮಕ್ಕಳು, ಮನೆ ಅಂತ ಯೋಚನೆ ಮಾಡ್ತಿದ್ರೆ ಇವರ ಜೀವ ಕೊಟ್ಟಿಗೇಲಿ ಇದೆ. ಎಷ್ಟು ದನ, ಯಾವುದು ಒದೆಯತ್ತೆ, ಯಾವುದಕ್ಕೆ ಹಿಂಡಿ ಜಾಸ್ತಿ ಬೇಕು ಅಂತ ಮಾತು ಹೊರಟ ಮೇಲೆ ಗೇಟಿನ ಕಡೆ ತಿರುಗಿ ನೋಡ್ಲಿಲ್ಲ. ಈಗ ಮೂರೂವರೆಗೇ, ಚಡಪಡಿಕೆ ಶುರು ಆಗೋ ಮೊದ್ಲೇ, ಲೈಟ್ ಹಾಕಿ ಅಜ್ಜಿ ಮುಂದೆ ಒಂದು ಬುಟ್ಟಿ ಹೂ, ಬಾಳೆ ನಾರು ಇಡ್ತೀವಿ. ಮಾತು ತಪ್ಪತ್ತೆ, ಮಗನ ಹೆಸರು ತಪ್ಪತ್ತೆ, ಹೂ ಕಟ್ಟೋ ಗಂಟು ಒಂದೂ ತಪ್ಪಲ್ಲ. ದಿನಾ ಸರಿಹೋಗತ್ತೆ ಅಂತಲ್ಲ, ಕೆಲವು ಸಂಜೆ ಹೂವಿನ ಬುಟ್ಟಿಯನ್ನೇ ನಮ್ಮ ಮೇಲೆ ಎಸೀತಾರೆ.

ಇಲ್ಲಿಂದ ಸುಳ್ಳಿನ ಜಗಳ ಎದ್ದಿತು, ಇಡೀ ಟ್ರೇನಿಂಗಲ್ಲಿ ಹೆಚ್ಚು ಬಿಸಿ ಆದ ಕ್ಲಾಸು ಇದೇ. ಭದ್ರಾವತಿ ಕಬ್ಬಿಣದ ಫ್ಯಾಕ್ಟರಿಯಲ್ಲಿ ದುಡಿದ ಒಬ್ಬರು ಇದಾರೆ, ಬೆಳಗಿನ ಜಾವ ಎದ್ದು 'ಸೈಕಲ್ ಎಲ್ಲಿ, ಫಸ್ಟ್ ಶಿಫ್ಟಿಗೆ ಲೇಟಾಯ್ತು' ಅಂತ ಬಾಗಿಲು ಬಡೀತಾರೆ. ನೈಟ್ ಡ್ಯೂಟಿ ಹುಡುಗ ಯಾರನ್ನೂ ಕೇಳದೆ ಒಂದು ದಾರಿ ಕಂಡ್ಕೊಂಡಿದ್ದ, 'ಸಾರ್, ಇವತ್ತು ನಿಮ್ದು ವೀಕ್ಲಿ ಆಫ್' ಅಂತ. ಅಜ್ಜ ಹೌದಾ ಅಂತ ಮಲಗ್ತಿದ್ರು. ಏಎನ್ಎಂ ಹುಡುಗಿ ಇದು ಮೋಸ ಅಂದ್ಳು, ನಾಳೆ ನಮಗೆ ಹಿಂಗೇ ಸುಳ್ಳು ಹೇಳಿದ್ರೆ ಅಂತ. ಹುಡುಗ 'ರಾತ್ರಿ ಎರಡು ಗಂಟೆ ಒದ್ದಾಡಿ ನೋಡಕ್ಕ, ಆಮೇಲೆ ಮೋಸ ಅನ್ನು' ಅಂದ. ಹಿಂದೆ ಬೇರೆ ದೇಶಗಳಲ್ಲಿ ರೋಗಿಗೆ ಇವತ್ತಿನ ದಿನಾಂಕ, ಜಾಗ, ಸತ್ಯ ಎಲ್ಲ ಮತ್ತೆ ಮತ್ತೆ ನೆನಪಿಸೋ ಪದ್ಧತಿ ಇತ್ತು, ಅದಕ್ಕೆ ಎದುರಾಗಿ ಅಮೆರಿಕದ ನವೋಮಿ ಫೈಲ್ ಅನ್ನೋ ಸಮಾಜ ಕಾರ್ಯಕರ್ತೆ 1960ರ ದಶಕದಿಂದ ಬೇರೆ ದಾರಿ ತಂದ್ರು, ತಿದ್ದಲೂ ಬೇಡ, ಸುಳ್ಳೂ ಬೇಡ, ಅವರ ಭಾವನೆಯನ್ನ ಒಪ್ಕೊಂಡು ಅದ್ರ ಬಗ್ಗೆ ಮಾತಾಡಿ ಅಂತ. ಹೇಳೋಕೆ ಚಂದ. ಬೆಳಗಿನ ಜಾವ ಒಬ್ಬನೇ ಹುಡುಗ ಹತ್ತು ಜನರನ್ನ ನೋಡ್ಕೊಳ್ಳೋವಾಗ ಭಾವನೆ ಮಾತಾಡ್ತಾ ಕೂರೋಕಾಗಲ್ಲ.

ನಾನು ತೀರ್ಮಾನ ಮಾಡಿದ್ದು ಹಿಂಗೆ. ಮೊದ್ಲು ಕೇಳೋದು, 'ಯಾವ ಡಿಪಾರ್ಟ್‌ಮೆಂಟು ಸಾರ್, ಫರ್ನೇಸ್ ಹತ್ರ ಸೆಕೆ ಹೆಂಗಿರ್ತಿತ್ತು', ಒಂದು ಲೋಟ ಕಾಫಿ ಕೊಡೋದು, ಮುಕ್ಕಾಲು ಸಲ ಅಷ್ಟೇ ಸಾಕು, ಕೆಲವು ಸಲ ಅವರಿಗೆ ಬರೀ ಮೂತ್ರಕ್ಕೆ ಹೋಗ್ಬೇಕಿರತ್ತೆ. ಅದಕ್ಕೂ ಆಗದೆ ಮನುಷ್ಯ ಸಂಕಟ ಪಡ್ತಿದ್ರೆ ವೀಕ್ಲಿ ಆಫ್ ಹೇಳಿ, ನಂಗೇನೂ ಬೇಜಾರಿಲ್ಲ. ಆದ್ರೆ ಹೇಳಿದ ಸುಳ್ಳು ರಿಜಿಸ್ಟರಲ್ಲಿ ಬರೀಬೇಕು, ಎಲ್ಲರೂ ಅದನ್ನೇ ಹೇಳ್ಬೇಕು. ಒಬ್ಬ ರಜೆ ಅಂದು ಇನ್ನೊಬ್ಬಳು 'ನೀವು ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು ಸಾರ್' ಅಂದ್ರೆ ಅವರ ಗತಿ ಏನು. ಗಂಡ ಎಲ್ಲಿ ಅಂತ ಕೇಳೋ ಅಜ್ಜಿಗೆ ತೀರ್ಕೊಂಡ್ರು ಅಂತ ದಿನಾ ಹೇಳಿ ದಿನಾ ಹೊಸದಾಗಿ ಅಳಿಸೋದು ಮಾತ್ರ ಪೂರ್ತಿ ಬಂದ್ ಮಾಡಿಸಿದೆ, ಅದ್ರಲ್ಲಿ ಚರ್ಚೆಗೆ ಅವಕಾಶ ಕೊಡ್ಲಿಲ್ಲ.

ಭಾಷೆದ್ದೂ ಒಂದು ಕತೆ. ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ, ಕನ್ನಡದಲ್ಲೇ ಅಂಗಡಿ ವ್ಯಾಪಾರ ಮಾಡಿದವರು, ಬರ್ತಾ ಬರ್ತಾ ಎಂತದೋ ಗೊಣಗೋಕೆ ಶುರು ಮಾಡಿದ್ರು, ನಾವು ಮಾತು ಹೋಯ್ತು ಅಂತಲೇ ಅನ್ಕೊಂಡ್ವಿ. ಹೊನ್ನಾವರ ಕಡೆಯಿಂದ ಬಂದಿದ್ದ ಅಡುಗೆ ಅಕ್ಕ ಅನ್ನ ಕೊಡೋಕೆ ಬಂದವರು 'ಅಯ್ಯೋ, ನೀರು ಕೇಳ್ತಿದಾರಲ್ರೀ' ಅಂದ್ರು. ಕೊಂಕಣಿ. ಆಮೇಲೆ ಕಲಿತ ಭಾಷೆ ಮೊದ್ಲು ಹೋಗಿ ತಾಯಿ ಮಾತು ಉಳಿಯೋದು ಡಿಮೆನ್ಶಿಯಾದಲ್ಲಿ ಬಹಳ ಜನಕ್ಕೆ ಆಗತ್ತೆ. ಉದಾಕ (ನೀರು), ಜೇವಣ (ಊಟ), ದುಕ್ತಾ (ನೋಯತ್ತೆ), ಹಿಂಗೆ ಬೇಕಾದ ಮಾತುಗಳನ್ನ ಅಡುಗೆ ಅಕ್ಕನ ಹತ್ರ ಬರೆಸ್ಕೊಂಡು ಗೋಡೆಗೆ ಹಾಕಿದ್ವಿ, ಉರ್ದು, ಲಂಬಾಣಿದೂ ಹಂಗೇ ಮಾಡಿದ್ವಿ.

ಇಂಥಾ ವಿವರ ಎಲ್ಲ ಎಲ್ಲಿ ಸಿಗತ್ತೆ ಅಂದ್ರೆ ಮನೆಯವರಿಂದ ಸಿಗ್ಬೇಕು, ಅದಕ್ಕೆ ಒಂದು ಹಾಳೆ ಮಾಡಿದೆ, ಏನಂತ ಕರೀತಿದ್ರು, ಬೆಳಗ್ಗೆ ಎದ್ದು ಮೊದ್ಲು ಎಂತ ಮಾಡ್ತಿದ್ರು, ಯಾವ ಭಾಷೆ, ಕವಳ (ಎಲೆ ಅಡಿಕೆ) ಹಾಕ್ತಿದ್ರಾ, ಯಾವುದಕ್ಕೆ ಹೆದರ್ತಾರೆ, ಯಾವ ವಿಷಯ ಎತ್ತಬಾರದು. ಮಕ್ಕಳು ಶುಗರ್ ರಿಪೋರ್ಟ್ ಪಟಪಟ ಕೊಡ್ತಾರೆ, ಅಮ್ಮ ಬೆಳಗ್ಗೆ ಎದ್ದು ಎಂತ ಮಾಡ್ತಿದ್ರು ಅಂದ್ರೆ ಒಬ್ಬರ ಮುಖ ಒಬ್ರು ನೋಡ್ತಾರೆ. ಮನೆ ಕೆಲಸಕ್ಕೆ ಬರ್ತಿದ್ದವರಿಗೆ ಫೋನ್ ಮಾಡಿದ್ರೆ ಎಲ್ಲಾ ಗೊತ್ತಿರತ್ತೆ. ತೋರಿಸಿ ಮಾತಾಡೋಕೆ ಅಂತ ಇಂಟರ್ನೆಟ್ಟಿಂದ ಪ್ರಿಂಟ್ ತೆಗೆದ ಚಿತ್ರದ ಕಾರ್ಡೂ ತಂದಿದ್ವಿ, ಅದ್ರಲ್ಲಿ ಸ್ಯಾಂಡ್‌ವಿಚ್ಚು, ಬಾತ್‌ಟಬ್ಬು, ಹಿಮ. ಎತ್ತಿ ಒಳಗಿಟ್ಟೆ, ನಮ್ಮ ಅಡುಗೆಮನೆ, ಬಚ್ಚಲು, ಲೋಟ, ತಟ್ಟೆ, ಅವರವರ ಚಪ್ಪಲಿ ಇವನ್ನೇ ಮೊಬೈಲಲ್ಲಿ ಫೋಟೋ ತೆಗೆದು ಪ್ರಿಂಟ್ ಹಾಕ್ಸಿದ್ವಿ.

ಸ್ನಾನದ ವಿಷಯಕ್ಕೆ ಬಂದಾಗ ನನ್ನ ಜಗಳ ಸ್ಟಾಫ್ ಜೊತೆ ಅಲ್ಲ, ಆಫೀಸ್ ಜೊತೆ. ನಮ್ಮಲ್ಲಿ ಹೊಡೆಯೋದು, ಕಚ್ಚೋದು ಬಹುತೇಕ ಆಗ್ತಿದ್ದಿದ್ದು ಬೆಳಗ್ಗೆ ಬಚ್ಚಲಲ್ಲಿ. ಜನ್ಮ ಪೂರ್ತಿ ಹಂಡೆ ನೀರು ತಂಬಿಗೇಲಿ ಹುಯ್ಕೊಂಡವರಿಗೆ ತಲೆ ಮೇಲಿಂದ ಶವರ್ ಬಿಟ್ರೆ, ಗುರುತಿಲ್ಲದವರು ಸೀರೆ ಬಿಚ್ಚಿದ್ರೆ, ಯಾರಾದ್ರೂ ಹೊಡೀತಾರೆ, ನಾನೂ ಹೊಡೀತೀನಿ. ಸೊರಬದ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇದ್ರಲ್ಲಿತ್ತು. 'ಸ್ನಾನಕ್ಕೆ ನಡೀರಿ' ಬಿಟ್ಟು 'ನೀರು ಕಾದಿದೆ ಅಮ್ಮ, ಕೈ ಹಾಕಿ ನೋಡಿ ಹದ ಆಗಿದೆಯಾ' ಅನ್ನೋದು, ಮೊದ್ಲು ಕಾಲಿಗೆ ನೀರು, ಮೈ ಮೇಲೆ ಟವೆಲ್ ಇಟ್ಕೊಂಡೇ ಸ್ವಲ್ಪ ಸ್ವಲ್ಪ, ತಂಬಿಗೆ ಅವರ ಕೈಗೇ ಕೊಡೋದು, ಬೇಡ ಅಂದ್ರೆ ಬಿಟ್ಟು ಅರ್ಧ ಗಂಟೆ ಕಳೆದು ಬರೋದು. ಹುಡುಗೀರು ಕಲಿತ್ರು, ಆದ್ರೆ ಡ್ಯೂಟಿ ಲಿಸ್ಟಲ್ಲಿ ಆರರಿಂದ ಎಂಟರೊಳಗೆ ಎಲ್ಲರ ಸ್ನಾನ ಮುಗೀಬೇಕು ಅಂತ ಇತ್ತಲ್ಲ, ಅರ್ಧ ಗಂಟೆ ಎಲ್ಲಿಂದ ತರ್ತಾರೆ? ಚಂದ ಮಾತಾಡಿ ಅಂತ ಟ್ರೇನಿಂಗ್ ಕೊಟ್ಟು, ಮಾತಾಡೋಕೆ ಟೈಮ್ ಕೊಡದೆ, ಆಮೇಲೆ ಹುಡುಗೀರದ್ದೇ ತಪ್ಪು ಅನ್ನೋದು ನ್ಯಾಯ ಅಲ್ಲ. ಬಹಳ ಹಗ್ಗಜಗ್ಗಾಟ ಆಗಿ ಈಗ ಸ್ನಾನ ದಿನ ಪೂರ್ತಿ ಹಂಚಿದೆ, ಕೆಲವರದ್ದು ಮಧ್ಯಾಹ್ನ ಮೂರಕ್ಕೆ, ಕೆಲವರದ್ದು ದಿನ ಬಿಟ್ಟು ದಿನ. ತಲೆಗೆ ಹುಯ್ಯೋದು ವಾರಕ್ಕೊಂದು ಸಲ ಸಾಕು ಅಂದಾಗ ಒಬ್ಬ ಟ್ರಸ್ಟಿ ಮೂಗು ಮುರಿದ್ರು, ಅವರ ಅಜ್ಜಿ ಎಷ್ಟು ಸಲ ಹುಯ್ಕೊಳ್ತಿದ್ರು ಅಂತ ಕೇಳಿದೆ, ಸುಮ್ಮನಾದ್ರು.

ಇನ್ನೊಂದು ಉಪಯೋಗ ಆಗಿದ್ದು, ವರ್ತನೆ ದಿಢೀರಂತ ಬದಲಾದ್ರೆ ಕಾಯಿಲೆ ಜಾಸ್ತಿ ಆಯ್ತು ಅಂತ ಬಿಡ್ಬೇಡಿ, ಮೂತ್ರದ ಇನ್ಫೆಕ್ಷನ್, ಮಲಬದ್ಧತೆ, ಹಲ್ಲುನೋವು, ಹೊಸ ಮಾತ್ರೆ, ಬ್ಯಾಟರಿ ಹೋದ ಹಿಯರಿಂಗ್ ಏಡ್ ಏನಾದ್ರೂ ಇರತ್ತೆ ಅಂತ ಹೇಳ್ಕೊಟ್ಟಿದ್ದು. ಮೇಷ್ಟ್ರು ಒಂದು ದಿನ ಇದ್ದಕ್ಕಿದ್ದ ಹಾಗೆ ಗೋಡೆ ಮೇಲೆ ಹುಳ ಅಂತ ಕೂಗಾಡಿದಾಗ ಹುಡುಗೀರೇ ನನಗೆ ಫೋನ್ ಮಾಡಿ 'ಯೂರಿನ್ ಟೆಸ್ಟ್ ಮಾಡ್ಸಣ ಮೇಡಂ' ಅಂದ್ರು, ಇನ್ಫೆಕ್ಷನ್ನೇ ಇತ್ತು, ಟ್ರೀಟ್‌ಮೆಂಟ್ ಆದ ಮೇಲೆ ಮೇಷ್ಟ್ರು ಮತ್ತೆ ಮೇಷ್ಟ್ರಾದ್ರು.

ಬೇಜಾರು ಏನಂದ್ರೆ ಕಲಿತವರು ಉಳಿಯಲ್ಲ. ಬೆಂಗಳೂರಲ್ಲಿ ಹೋಮ್ ನರ್ಸಿಂಗಿಗೆ ಇಲ್ಲಿಗಿಂತ ಜಾಸ್ತಿ ಸಂಬಳ, ಸೇತುವೆ ಫೋಟೋ ತೋರಿಸಿದ ಹುಡುಗಿಯೂ ಹೋದ್ಳು, ಹೋಗ್ಬೇಡ ಅನ್ನೋಕೆ ನನಗೆ ಮುಖ ಇಲ್ಲ. ಅದಕ್ಕೆ ಈಗ ಕ್ಲಾಸು ಅಂತ ಪ್ರತ್ಯೇಕ ಇಲ್ಲ, ಹೊಸಬರು ಬಂದ್ರೆ ಮೊದಲ ವಾರ ಹಳೇ ಅಕ್ಕಂದಿರ ಹಿಂದೆ ಹಾಳೆ ಓದ್ಕೊಂಡು ಓಡಾಡೋದು ಅಷ್ಟೇ.

ಬಾಕಿ ಇರೋದು ನೋಡಕ್ಕೆ ಬರೋರ ಟ್ರೇನಿಂಗು. ಭಾನುವಾರ ಬಂದ ನೆಂಟರು ಮಂಚದ ಮುಂದೆ ನಿಂತು ಮೊದ್ಲು ಕೇಳೋದೇ 'ನಾನ್ಯಾರು ಹೇಳು ನೋಡಣ, ಗುರ್ತು ಸಿಕ್ತಾ', ಸಿಗ್ಲಿಲ್ಲ ಅಂದ್ರೆ ಇಬ್ರಿಗೂ ಅವಮಾನ, ಅವರು ಹೋದ ಮೇಲೆ ಸಂಜೆ ಪೂರ್ತಿ ಇವರು ಊಟ ಮಾಡಲ್ಲ. ರಿಸೆಪ್ಷನ್ನಲ್ಲಿ ಬೋರ್ಡ್ ಹಾಕಿದೀವಿ, ನಾನ್ಯಾರು ಅಂತ ಕೇಳ್ಬೇಡಿ, ನೀವೇ ಹೆಸರು, ಸಂಬಂಧ ಹೇಳಿ ಕೂತ್ಕೊಳ್ಳಿ ಅಂತ. ಮೊನ್ನೆ ಲಾಂಚ್ ಅಜ್ಜಿ ಮಗ ಬೋರ್ಡ್ ಓದ್ಕೊಂಡು ಬಂದು 'ಅಮ್ಮ, ನಾನು ನಿನ್ನ ಎರಡನೇ ಮಗ, ಊರಿಂದ ಬಂದೆ' ಅಂತ ಚೆನ್ನಾಗೇ ಶುರು ಮಾಡಿದ್ರು, ಪಕ್ಕದಲ್ಲಿದ್ದ ಅವರ ಹೆಂಡ್ತಿ ತಡ್ಕಳಕ್ಕಾಗ್ದೆ 'ಅತ್ತೆ, ನಾನ್ಯಾರು ಹೇಳಿ' ಅಂದೇಬಿಟ್ರು. ಅಜ್ಜಿ ಹೂ ಕಟ್ಟೋದು ನಿಲ್ಸಿ ಅವರನ್ನ ಮೇಲಿಂದ ಕೆಳಗೆ ನೋಡಿ 'ಯಾಕೆ, ನಿನ್ ಹೆಸ್ರು ನಿಂಗೇ ಮರ್ತೋಯ್ತಾ' ಅಂದ್ರು. ಬೋರ್ಡಿನ ಅಕ್ಷರ ಇನ್ನೊಂಚೂರು ದೊಡ್ಡದು ಮಾಡಿಸ್ಬೇಕು.